ಹಸು ಕಂದು ಹಾಕಿದರೆ: ಬ್ರುಸೆಲ್ಲೋಸಿಸ್ ಹಿಂಡಿಗೆ ಹರಡದಂತೆ ಮಾಡಬೇಕಾದದ್ದು

ಐದು ತಿಂಗಳು ದಾಟಿದ ಗಬ್ಬದ ಹಸು ಕಂದು ಹಾಕಿದರೆ, ಪರೀಕ್ಷೆಯ ಫಲಿತಾಂಶ ಬರುವವರೆಗೂ ಅದು ಬ್ರುಸೆಲ್ಲೋಸಿಸ್ (ದನಗಳಲ್ಲಿ ಗರ್ಭಪಾತ ಮಾಡಿಸುವ, ಮನುಷ್ಯರಿಗೂ ಹರಡುವ ಬ್ಯಾಕ್ಟೀರಿಯಾ ರೋಗ) ಎಂದೇ ತಿಳಿದು ನಡೆದುಕೊಳ್ಳಿ. ಎಷ್ಟೋ ಹಸುಗಳು ಒಂದು ಸಲ ಕಂದು ಹಾಕಿ, ಮುಂದಿನ ಸಲ ಸರಿಯಾಗಿಯೇ ಈಯುತ್ತವೆ. ನೋಡಿದವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ಆದರೆ ರೋಗಾಣು ಕೆಚ್ಚಲಲ್ಲಿ ಉಳಿದು ಹಾಲಿನಲ್ಲಿ ಬರುತ್ತಲೇ ಇರುತ್ತದೆ, ಪ್ರತಿ ಈಯುವಿಕೆಯಲ್ಲೂ ಹೊರಬೀಳುತ್ತದೆ. ಹಿಂಡು ಕೆಡುವುದು ಇಂಥ ಹಸುವಿನಿಂದಲೇ.

ಮೊದಲು ಮಾಸನ್ನು ನೋಡಿ, ಆದರೆ ಬರಿಗೈಯಲ್ಲಿ ಮುಟ್ಟಬೇಡಿ. ಆರೋಗ್ಯವಂತ ಮಾಸು ತೆಳುವಾಗಿ ನುಣುಪಾಗಿರುತ್ತದೆ. ಈ ರೋಗದಲ್ಲಿ ಅದು ತೊಗಲಿನಂತೆ ದಪ್ಪಗಾಗಿ, ಅದರ ಮೇಲಿನ ಗುಂಡಿಯಾಕಾರದ ಉಬ್ಬುಗಳಿಗೆ ಹಳದಿ ಕಂದು ಬಣ್ಣದ ಲೋಳೆ ಅಂಟಿರುತ್ತದೆ. ಮಾಸು ಬೀಳದೆ ಉಳಿಯುವುದೂ ಉಂಟು. ಎಳೆದು ತೆಗೆಯಲು ಹೋಗಬೇಡಿ. ದನ ಸಾಕುವವರಿಗೆ ಸೋಂಕು ತಗಲುವ ಅಪಾಯ ಈ ಹೊತ್ತಿನಲ್ಲಿ ಹೆಚ್ಚು. ಉದ್ದ ತೋಳಿನ ಕೈಗವಸು, ಮಾಸ್ಕ್, ಕನ್ನಡಕ, ಗಂಬೂಟು ಹಾಕಿಕೊಳ್ಳಿ. ಬಸುರಿಯರನ್ನೂ ಮಕ್ಕಳನ್ನೂ ನಾಯಿಯನ್ನೂ ದೂರವಿಡಿ.

ಹಸುವನ್ನು ಬೇರೆ ಕಟ್ಟಿ. ಯೋನಿಯ ಸ್ರಾವ ನಿಂತ ಮೇಲೂ ಫಲಿತಾಂಶ ಬರುವವರೆಗೆ ಹಿಂಡಿಗೆ ಸೇರಿಸಬೇಡಿ. ಕಂದನ್ನೂ ಮಾಸನ್ನೂ ನೆನೆದ ಹುಲ್ಲನ್ನೂ, ಪಶುವೈದ್ಯರು ಮಾದರಿ ತೆಗೆದುಕೊಂಡ ಬಳಿಕ, ನೀರಿನ ಸೆಲೆಯಿಂದ ದೂರ ಆಳದ ಗುಂಡಿ ತೋಡಿ ಸುಟ್ಟ ಸುಣ್ಣ ಸುರಿದು ಹೂಳಿ. ನೆಲಕ್ಕೆ ಮದ್ದು ಹಾಕುವ ಮುನ್ನ ಸಗಣಿ, ರಕ್ತ ಪೂರ್ತಿ ತೆಗೆಯಬೇಕು; ಕೊಳೆಯ ಮೇಲೆ ಸುರಿದ ಮದ್ದು ಅರ್ಧ ಅಲ್ಲೇ ಕೆಡುತ್ತದೆ. ಹತ್ತು ಲೀಟರ್ ನೀರಿಗೆ 200 ಗ್ರಾಂ ಕಾಸ್ಟಿಕ್ ಸೋಡಾ ಹಾಕಿ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು, ಸೋಡಾದ ಮೇಲೆ ನೀರು ಸುರಿಯಬಾರದು. ಚರ್ಮ ಸುಡುತ್ತದೆ, ಆದ್ದರಿಂದ ಚೆನ್ನಾಗಿ ತೊಳೆದ ಮೇಲಷ್ಟೇ ದನ ಕಟ್ಟಿ. ಬಿಸಿಲು ಬೀಳುವ ಜಾಗದಲ್ಲಿ ಈ ರೋಗಾಣು ಬೇಗ ಸಾಯುತ್ತದೆ. ತಂಪು, ತೇವ, ನೆರಳಿದ್ದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಕತ್ತಲ ಕೊಟ್ಟಿಗೆಯ ಮೂಲೆಯೇ ನಿಮ್ಮ ಗಮನ ಬೇಡುವ ಜಾಗ.

ಪರೀಕ್ಷೆಗೆ ರಕ್ತದ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರು) ಮಾಡುವ ರೋಸ್ ಬೆಂಗಾಲ್ ಪರೀಕ್ಷೆ ಸುಲಭದ್ದು: ಒಂದು ಹನಿ ಸೀರಂ, ಒಂದು ಹನಿ ಆಂಟಿಜೆನ್ (ಬಣ್ಣ ಹಚ್ಚಿದ ಸತ್ತ ರೋಗಾಣುಗಳ ದ್ರಾವಣ), ನಾಲ್ಕು ನಿಮಿಷ ಅಲ್ಲಾಡಿಸಿದಾಗ ಕಾಳುಗಟ್ಟಿದರೆ ಪಾಸಿಟಿವ್. ಖಚಿತಪಡಿಸಿಕೊಳ್ಳಲು ಎಲಿಸಾ ಎಂಬ ಪ್ರಯೋಗಾಲಯದ ಪರೀಕ್ಷೆ. ಕಂದು ಹಾಕಿದ ಆಸುಪಾಸಿನಲ್ಲಿ ತೆಗೆದ ರಕ್ತ ಸುಳ್ಳು ನೆಗೆಟಿವ್ ತೋರಿಸಬಹುದು, ಮೂರು ವಾರ ಬಿಟ್ಟು ಮತ್ತೆ ತೆಗೆಯಿರಿ. ಹಾಲಿನ ರಿಂಗ್ ಪರೀಕ್ಷೆ (ಆಂಟಿಜೆನ್ ಬೆರೆಸಿದ ಹಾಲಿನ ಕೆನೆಯಲ್ಲಿ ಬಣ್ಣದ ಉಂಗುರ ಕಟ್ಟುತ್ತದೆಯೇ ನೋಡುವುದು) ಹಸುವಿನ ಹಿಂಡಿಗೆ ಸರಿ. ಗಿಣ್ಣುಹಾಲು, ಕೆಚ್ಚಲುಬಾವಿನ ಹಾಲು ಸುಳ್ಳು ಪಾಸಿಟಿವ್ ಕೊಡುತ್ತವೆ. ಆಡು ಕುರಿಗೆ ಅದನ್ನು ನಂಬಬೇಡಿ.

ಪಾಸಿಟಿವ್ ಬಂದ ದನಕ್ಕೆ ಆ್ಯಂಟಿಬಯಾಟಿಕ್ ಕೊಟ್ಟು ಉಳಿಸಿಕೊಳ್ಳುವ ಆಸೆ ಬಿಡಿ. ರೋಗಾಣು ಜೀವಕೋಶದೊಳಗೆ ಅಡಗಿರುತ್ತದೆ. ಹಿಂಡಿನಿಂದ ತೆಗೆಯುವುದೇ ದಾರಿ, ಹೇಗೆಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ಗೊತ್ತಿದ್ದೂ ಮಾರಿದರೆ ರೋಗವನ್ನು ಇನ್ನೊಬ್ಬರ ಕೊಟ್ಟಿಗೆಗೆ ಕಳಿಸಿದಂತೆ. ಹೋರಿಗಳ ವೃಷಣ ಊದಿದೆಯೇ, ದನಗಳ ಮಂಡಿ ಊದಿದೆಯೇ ನೋಡಿ. ಹೊಸ ದನ ತಂದರೆ ಕನಿಷ್ಠ 30 ದಿನ ಬೇರೆ ಕಟ್ಟಿ ಎರಡು ಸಲ ಪರೀಕ್ಷಿಸಿ.

ಈ ರೋಗ ತಡೆಯುವ ಎಸ್19 ಲಸಿಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಮಾತ್ರ, ಒಂದೇ ಸಲ. ಗಬ್ಬದ ಹಸುವಿಗೆ ಕೊಟ್ಟರೆ ಕಂದು ಹಾಕಬಹುದು, ಹೋರಿಗೆ ವೃಷಣದ ಉರಿಯೂತ ಬರಬಹುದು. ಇದು ಜೀವಂತ ಲಸಿಕೆ. ಸೂಜಿ ಕೈಗೆ ಚುಚ್ಚಿದರೆ ಅಂದೇ ವೈದ್ಯರಲ್ಲಿಗೆ ಹೋಗಿ ಲಸಿಕೆಯ ಹೆಸರು ಹೇಳಿ. ಆರ್‌ಬಿ51 ಲಸಿಕೆಯಾಗಿದ್ದರೆ ರಿಫಾಂಪಿಸಿನ್ ಎಂಬ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಹಾಗಾಗಿ ಹೆಸರು ಮುಖ್ಯ. ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟ ಕೀಲು ನೋವು ಕಂಡರೂ ದನಗಳ ಸಹವಾಸವಿದೆ ಎಂದು ವೈದ್ಯರಿಗೆ ತಿಳಿಸಿ. ಹಾಲನ್ನು ಉಕ್ಕುವಂತೆ ಕಾಯಿಸದೆ ಯಾರೂ ಕುಡಿಯಬೇಡಿ.