ಜರ್ಮನಿಗೆ ಹೊರಟು ಕುವೆಂಪುನಗರದಲ್ಲೇ ಕೂತಿದ್ದ ವರ್ಷ

2020ರ ಚಳಿಗಾಲದ ಸೆಮಿಸ್ಟರ್‌ಗೆ ಜರ್ಮನಿಯಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿತು. ಕೋವಿಡ್‌ನಿಂದಾಗಿ ಅಲ್ಲಿ ಹೋಗಿ ಇಳಿದದ್ದು 2021ರ ಆಗಸ್ಟ್ ಕೊನೆಗೆ. ನಡುವಿನ ಅಷ್ಟೂ ತಿಂಗಳು ನಾನು ಮೈಸೂರಿನ ಕುವೆಂಪುನಗರದಲ್ಲಿ, ನಮ್ಮನೆಯ ಹಿಂದಿನ ರೂಮಿನಲ್ಲಿ ಕೂತು ಓದಿದ ಜರ್ಮನಿಯ ವಿದ್ಯಾರ್ಥಿನಿ. ಅಲ್ಲಿ ಸಂಜೆ ಆರಕ್ಕೆ ಮುಗಿಯುವ ಕ್ಲಾಸು ನನಗೆ ರಾತ್ರಿ ಹತ್ತೂವರೆಗೆ ಮುಗಿಯುತ್ತಿತ್ತು. ಮಾರ್ಚ್ ಕೊನೆಗೆ ಅವರು ಗಡಿಯಾರ ಮುಂದಕ್ಕೆ ತಿರುಗಿಸಿದ ಮೇಲೆ ಒಂಬತ್ತೂವರೆಗೆ. ಸೆಮಿಸ್ಟರ್ ಫೀಸಿನಲ್ಲಿ ಅಲ್ಲಿನ ಟ್ರಾಮ್, ಬಸ್ಸಿನ ಪಾಸೂ ಸೇರಿರುತ್ತದೆ. ಎರಡು ಸೆಮಿಸ್ಟರ್ ಆ ಪಾಸಿಗೆ ದುಡ್ಡು ಕಟ್ಟಿ ನಾನು ಓಡಾಡಿದ್ದು ನಮ್ಮ ಸಿಟಿ ಬಸ್ಸಲ್ಲಿ, ಅದೂ ಬಸ್ಸು ಓಡುತ್ತಿದ್ದ ದಿನಗಳಲ್ಲಿ.

ಆಗ ಹೇಗೆ ತಡೆದುಕೊಂಡೆ ಅಂತ ಕೆಲವರು ಕೇಳುತ್ತಾರೆ. ನಾನು ಮಾಡಿದ್ದು ಇಷ್ಟೇ: ತಾರೀಖಿನ ಮೇಲೆ ಪ್ಲಾನ್ ಮಾಡೋದು ಬಿಟ್ಟುಬಿಟ್ಟೆ. "ಸೆಪ್ಟೆಂಬರ್‌ಗೆ ಹೋಗ್ತೀನಿ", "ಜನವರಿಗೆ ಹೋಗ್ತೀನಿ" ಅಂದುಕೊಂಡಾಗಲೆಲ್ಲ ಆ ತಿಂಗಳು ಬಂದು ಹೋಗುತ್ತಿತ್ತು, ಮನೆಯಲ್ಲಿ ಎಲ್ಲರ ಮುಖ ಸಪ್ಪಗಾಗುತ್ತಿತ್ತು. ಅದರ ಬದಲು ಒಂದು ಲಾಂಗ್ ಬುಕ್ ತಗೊಂಡು ಮಾಡಬೇಕಾದ ಕೆಲಸಗಳನ್ನೆಲ್ಲ ಬರೆದೆ. ಪ್ರತಿಯೊಂದರ ಮುಂದೆ ಎರಡೇ ಪ್ರಶ್ನೆ. ಇದರ ಅವಧಿ ಯಾವಾಗ ಮುಗಿಯುತ್ತೆ? ಹೋಗೋದು ನಿಂತರೆ ದುಡ್ಡು ವಾಪಸ್ ಬರುತ್ತಾ?

ಉತ್ತರ ಬರೆಯುತ್ತಾ ಹೋದಂತೆ ಕೆಲಸಗಳು ತಾವಾಗಿಯೇ ಸಾಲು ನಿಂತವು. ಪಾಸ್‌ಪೋರ್ಟ್ ಹತ್ತು ವರ್ಷ ಇರುತ್ತೆ, ಅದಕ್ಕೆ ಯಾಕೆ ಕಾಯಬೇಕು? ನಮ್ಮ ಪುಣ್ಯಕ್ಕೆ 2017ರಿಂದ ಮೇಟಗಳ್ಳಿಯ ಪೋಸ್ಟಾಫೀಸಿನಲ್ಲೇ ಪಾಸ್‌ಪೋರ್ಟ್ ಕೇಂದ್ರ ಇತ್ತು, ಅದಕ್ಕೋಸ್ಕರ ಬೆಂಗಳೂರಿಗೆ ಹೋಗಬೇಕಿರಲಿಲ್ಲ. ಮಾರ್ಕ್ಸ್ ಕಾರ್ಡು, ಟ್ರಾನ್ಸ್‌ಕ್ರಿಪ್ಟ್ ಎಂದೂ ಹಳಸಲ್ಲ. ಅವನ್ನೆಲ್ಲ ಮೊದಲೇ ಮುಗಿಸಿದೆ. ಆರ್‌ಟಿಪಿಸಿಆರ್ ರಿಪೋರ್ಟಿನ ಆಯುಸ್ಸು ಆಗ 72 ಗಂಟೆ, ಅದು ಪಟ್ಟಿಯ ಕೊನೆಗೆ. ವೀಸಾ ಆರು ತಿಂಗಳಿನದು ಅಂತಿಟ್ಟುಕೊಳ್ಳಿ, ಅದು ನಡುವೆ. ಟಿಕೆಟ್ಟಿನ ದುಡ್ಡು ವಾಪಸ್ ಬರುತ್ತೋ ಇಲ್ವೋ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ, ಹಾಗಾಗಿ ಅದೂ ಕೊನೆಗೆ. ಸೂಟ್‌ಕೇಸು, ಜಾಕೆಟ್ಟು, ಕುಕ್ಕರ್ರು ಎಲ್ಲ ಅದಕ್ಕೂ ಆಮೇಲೆ. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಅಂತ ಅಮ್ಮನಿಗೆ ಹೇಳಿದ್ದೆ. ಆದರೂ ಮಂಡ್ಯದ ಚಿಕ್ಕಮ್ಮ ಮೂರು ಲೀಟರ್ ಕುಕ್ಕರ್ ತಂದಿಟ್ಟುಬಿಟ್ಟರು. ಅದು ನಮ್ಮನೆಯಲ್ಲೇ ಬೇಳೆ ಬೇಯಿಸುತ್ತಾ ಹಳೆಯದಾಯಿತು.

ದುಡ್ಡಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿದ್ದೆ ಕೆಡಿಸೋದು ಅದೇ. ಜರ್ಮನಿಗೆ ಓದಲು ಹೋಗುವವರು ಒಂದು ವರ್ಷದ ಖರ್ಚನ್ನು ಮೊದಲೇ ಬ್ಲಾಕ್ಡ್ ಅಕೌಂಟಿಗೆ ಹಾಕಿ ತೋರಿಸಬೇಕು. 2021ರಲ್ಲಿ ಅದು 10,332 ಯೂರೋ, ನಮ್ಮ ಲೆಕ್ಕದಲ್ಲಿ ಒಂಬತ್ತು ಲಕ್ಷದ ಆಸುಪಾಸು. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 861 ಯೂರೋದಂತೆ ನಮಗೇ ಕೊಡುತ್ತಿದ್ದರು. ವೀಸಾ ಸಿಗದಿದ್ದರೆ ನಿರಾಕರಿಸಿದ ಪತ್ರ ತೋರಿಸಿ ವಾಪಸ್ ತಗೋಬಹುದು. ಅಂದರೆ ನನ್ನ ಎರಡನೇ ಪ್ರಶ್ನೆಗೆ 'ಹೌದು'. ಆದರೆ ಸಾಲದ ದುಡ್ಡು ಬ್ಯಾಂಕಿನಿಂದ ಹೊರಬಂದ ದಿನದಿಂದಲೇ ಬಡ್ಡಿ ಓಡುತ್ತೆ. ಅದಕ್ಕೆ ಸಾಲ ಮಂಜೂರು ಮಾಡಿಸಿಕೊಂಡು ಸುಮ್ನೆ ಇದ್ದೆ, ವೀಸಾ ಸಂದರ್ಶನದ ದಿನ ಗೊತ್ತಾದ ಮೇಲಷ್ಟೇ ಬಿಡುಗಡೆ ಮಾಡಿಸಿದೆ. 2020ರ ಅಕ್ಟೋಬರ್‌ನಿಂದ ಇನ್ನೊಂದು ಹೊಸದು ಬಂದಿತ್ತು: ವರ್ಷಕ್ಕೆ ಏಳು ಲಕ್ಷ ದಾಟಿ ಹೊರದೇಶಕ್ಕೆ ಕಳಿಸಿದರೆ ದಾಟಿದ ಮೊತ್ತಕ್ಕೆ ಟಿಸಿಎಸ್ ಅನ್ನೋ ತೆರಿಗೆ ಹಿಡಿಯುತ್ತಿದ್ದರು. ಆಗ ಓದಿಗೆ ಕೈಯಿಂದ ಕಳಿಸಿದರೆ 5%, ಶಿಕ್ಷಣ ಸಾಲದ ದುಡ್ಡಾದರೆ 0.5%. ಅಪ್ಪನ ಎಫ್‌ಡಿ ಮುರಿಸುವ ಮಾತು ಅಲ್ಲಿಗೇ ನಿಂತಿತು.

2021ರ ಏಪ್ರಿಲ್ ಮೊದಲ ವಾರ ವೀಸಾ ಬಂತು, ಸೆಪ್ಟೆಂಬರ್ ಕೊನೆಯವರೆಗೆ. ಮನೆಯಲ್ಲಿ ಪಾಯಸ. ಆ ತಿಂಗಳು 26ಕ್ಕೆ ಜರ್ಮನಿ ಭಾರತವನ್ನು ರೂಪಾಂತರಿ ವೈರಸ್ಸಿನ ಪ್ರದೇಶ ಅಂತ ಪಟ್ಟಿಗೆ ಸೇರಿಸಿತು. ಅಲ್ಲಿನ ನಾಗರಿಕರು, ಆಗಲೇ ಅಲ್ಲಿ ವಾಸ ಇದ್ದವರು ಬಿಟ್ಟರೆ ಬೇರೆಯವರಿಗೆ ಹೆಚ್ಚುಕಮ್ಮಿ ಬಾಗಿಲು ಬಂದ್. ಮಾರನೇ ದಿನ ರಾತ್ರಿ ಒಂಬತ್ತಕ್ಕೆ ಕರ್ನಾಟಕವೂ ಬಂದ್. ಮೇ ತಿಂಗಳಲ್ಲಿ ಅಪ್ಪನಿಗೂ ಸೋಂಕು ತಗುಲಿತು. ಆ ದಿನಗಳಲ್ಲಿ ನಾನು ಆ ಪುಸ್ತಕ ತೆಗೆಯಲೇ ಇಲ್ಲ. ಆಕ್ಸಿಮೀಟರ್ ಒಂದೇ ನೋಡುತ್ತಿದ್ದದ್ದು. ಅದರ ಬಗ್ಗೆ ಇನ್ನೇನೂ ಬರೆಯಲ್ಲ. ಅಪ್ಪ ಹುಷಾರಾದರು.

ಹುಷಾರಾದ ಮೇಲೆ ಅವರೇ ಒಂದು ಮಾತು ತೆಗೆದರು. "ನೋಡು ಪುಟ್ಟಿ, ದಿನಾ ಇದನ್ನೇ ಮಾತಾಡಿ ಮಾತಾಡಿ ಯಾರಿಗೂ ಅನ್ನ ಸೇರ್ತಿಲ್ಲ. ಒಂದು ದಿನ ಇಟ್ಕೊ. ಅಲ್ಲೀವರೆಗೂ ಈ ಮನೇಲಿ ಜರ್ಮನಿ ಸುದ್ದಿ ಬೇಡ." ಜುಲೈ 31 ಅಂತ ಇಟ್ಟುಕೊಂಡೆವು. ಅಷ್ಟರೊಳಗೆ ದಾರಿ ತೆರೆಯದಿದ್ದರೆ ಒಂದು ಸೆಮಿಸ್ಟರ್ ರಜೆ ಹಾಕಿ ಇಲ್ಲೇ ಕೆಲಸ ಹುಡುಕೋದು. ನನಗೆ ಇದರಿಂದ ಬಹಳ ಹಗುರಾಯಿತು. ಹೋಗೋ ದಿನ ನನ್ನ ಕೈಯಲ್ಲಿರಲಿಲ್ಲ, ಆದರೆ ತೀರ್ಮಾನ ಮಾಡೋ ದಿನ ನನ್ನದೇ ಆಗಿತ್ತಲ್ವಾ.

ಸುದ್ದಿ ನೋಡೋದಕ್ಕೂ ಲೆಕ್ಕ ಇಟ್ಟೆ. ಅಪಾಯದ ದೇಶಗಳ ಪಟ್ಟಿಯನ್ನು ಜರ್ಮನಿಯ ರಾಬರ್ಟ್ ಕಾಖ್ ಸಂಸ್ಥೆ ಹಾಕುತ್ತಿತ್ತು, ಸಾಮಾನ್ಯವಾಗಿ ಶುಕ್ರವಾರ. ಹಾಗಿದ್ದ ಮೇಲೆ ಉಳಿದ ಆರು ದಿನ ನೋಡಿ ಏನು ಮಾಡೋದು? ವಾಟ್ಸಾಪ್ ಗ್ರೂಪುಗಳನ್ನೆಲ್ಲ ಮ್ಯೂಟ್ ಮಾಡಿ, ಶುಕ್ರವಾರ ರಾತ್ರಿ ಊಟ ಆದ ಮೇಲೆ ತಮ್ಮನ ಕೈಗೆ ಫೋನ್ ಕೊಡುತ್ತಿದ್ದೆ. ಅವನು ನೋಡಿ "ಇಲ್ಲ ಅಕ್ಕ" ಅನ್ನುತ್ತಿದ್ದ. ಅಲ್ಲಿಗೆ ಆ ವಾರ ಮುಗಿಯಿತು. ನೆಂಟರ ಫೋನಿಗೂ ಒಂದು ಉತ್ತರ ಸಿದ್ಧವಾಗಿತ್ತು. "ಯಾವಾಗಮ್ಮ ಹೊರಡೋದು?" ಅಂದರೆ "ಆಷಾಢ ಕಳೀಲಿ ಅತ್ತೆ" ಅನ್ನೋದು. ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಆಷಾಢದಲ್ಲಿ ಹೊರಡು ಅಂತ ನಮ್ಮ ಕಡೆ ಯಾರೂ ಒತ್ತಾಯ ಮಾಡಲ್ಲ!

ಬೇರೊಂದು ದೇಶದಲ್ಲಿ ಎರಡು ವಾರ ಉಳಿಸಿ ಅಲ್ಲಿಂದ ಜರ್ಮನಿಗೆ ಕಳಿಸುತ್ತೇವೆ ಅಂತ ಒಬ್ಬ ಏಜೆಂಟ್ ಫೋನ್ ಮಾಡಿದ್ದ. ಆ ದೇಶವೂ ಬಾಗಿಲು ಹಾಕಿದರೆ ದುಡ್ಡು ವಾಪಸ್ಸಾ ಅಂತ ಕೇಳಿದೆ. "ಅದು ಹಾಗಾಗಲ್ಲ ಮೇಡಂ" ಅಂದ. ಫೋನ್ ಇಟ್ಟೆ. ಆದರೆ ಇದನ್ನು ಎಲ್ಲರಿಗೂ ಹೇಳಲಾರೆ. ಕೆನಡಾಗೆ ಹೊರಟಿದ್ದ ಮಂಡ್ಯದ ಗೆಳೆಯನೊಬ್ಬ ಹಾಗೇ ಸುತ್ತಿ ಹೋದ. ಭಾರತದಿಂದ ಕೆನಡಾಗೆ ಏಪ್ರಿಲ್ 22ರಿಂದ ಸೆಪ್ಟೆಂಬರ್ ಕೊನೆಯವರೆಗೂ ನೇರ ವಿಮಾನವೇ ಇರಲಿಲ್ಲ, ಮೂರನೇ ದೇಶದಲ್ಲಿ ಟೆಸ್ಟ್ ಮಾಡಿಸಿಕೊಂಡೇ ಹೋಗಬೇಕಿತ್ತು. ಅವನ ಕೆಲಸ ಕಾಯುತ್ತಿರಲಿಲ್ಲ. ನನ್ನ ಕ್ಲಾಸು ಹೇಗೂ ಹಿಂದಿನ ರೂಮಿನಲ್ಲೇ ನಡೆಯುತ್ತಿತ್ತು.

ಇನ್ನು ಲಸಿಕೆ. ಜೂನ್ ಮೊದಲ ವಾರ ಮೊದಲ ಡೋಸ್ ಸಿಕ್ಕಿತು, ಕೋವಿಶೀಲ್ಡ್. ಅಷ್ಟರಲ್ಲಿ ಎರಡು ಡೋಸಿನ ನಡುವಿನ ಅಂತರವನ್ನು 12-16 ವಾರಕ್ಕೆ ಏರಿಸಿಬಿಟ್ಟಿದ್ದರು. ಲೆಕ್ಕ ಹಾಕಿದರೆ ನನ್ನ ಎರಡನೇ ಡೋಸಿಗೂ ವೀಸಾ ಮುಗಿಯೋದಕ್ಕೂ ಉಸಿರಾಡುವಷ್ಟು ಜಾಗವೂ ಉಳಿಯುತ್ತಿರಲಿಲ್ಲ. ಅದೇ ಜೂನ್ 7ಕ್ಕೆ ಕೇಂದ್ರದ ಆದೇಶ ಬಂತು: ಓದಿಗೆ, ಕೆಲಸಕ್ಕೆ, ಟೋಕಿಯೋ ಒಲಿಂಪಿಕ್ಸ್‌ಗೆ ಹೋಗುವವರಿಗೆ 28 ದಿನ ಆದ ಮೇಲೆ ಎರಡನೇ ಡೋಸ್ ಕೊಡಬಹುದು, ಆಗಸ್ಟ್ 31ರೊಳಗೆ ಹೊರಡುವವರಿಗೆ, ಸರ್ಟಿಫಿಕೇಟಿನಲ್ಲಿ ಪಾಸ್‌ಪೋರ್ಟ್ ನಂಬರ್ ಸಮೇತ. ಓದಿ ಖುಷಿಯಾದ ಐದು ನಿಮಿಷಕ್ಕೆ ಇನ್ನೊಂದು ಹೊಳೆಯಿತು. ನನ್ನ ಹೆಸರು!

ನಮ್ಮ ಕಡೆಯವರಿಗೆ ಇದು ಗೊತ್ತಿರುತ್ತೆ. ಆಧಾರ್‌ನಲ್ಲಿ ಹೆಸರಿನ ಮುಂದೆ ಒಂದಕ್ಷರ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಅಪ್ಪನ ಪೂರ್ತಿ ಹೆಸರಾಗಿ ಹಿಂದೆ ಹೋಗಿ ಸರ್‌ನೇಮ್ ಆಗಿ ಕೂತಿರುತ್ತೆ. ಲಸಿಕೆ ಹಾಕಿಸಿಕೊಂಡಿದ್ದು ಆಧಾರ್ ತೋರಿಸಿ. ಲಸಿಕೆಯ ಸರ್ಕಾರಿ ವೆಬ್‌ಸೈಟ್ ಕೋವಿನ್‌ನಲ್ಲಿ ಹೆಸರು ತಿದ್ದಲು ಒಂದೇ ಒಂದು ಸಲ ಅವಕಾಶ ಇತ್ತು. ತಮ್ಮ ಪಾಸ್‌ಪೋರ್ಟ್ ಹಿಡಿದು ಒಂದೊಂದೇ ಅಕ್ಷರ ಜೋರಾಗಿ ಓದಿದ, ನಾನು ಟೈಪ್ ಮಾಡಿದೆ, ಆಮೇಲೆ ಅವನು ಸ್ಕ್ರೀನ್ ಓದಿದ, ನಾನು ಪಾಸ್‌ಪೋರ್ಟ್ ನೋಡಿದೆ. ಅಪ್ಪನ ಹೆಸರಿನಲ್ಲಿ 'ಎ' ಎರಡಾ ಒಂದಾ ಅಂತ ಅಪ್ಪನನ್ನೇ ಕೂಗಿ ಕೇಳಿದರೆ ಅವರು "ಎಸ್ಸೆಸ್ಸೆಲ್ಸಿಯಲ್ಲಿ ಒಂದು, ಪೆನ್ಷನ್ ಬುಕ್ಕಿನಲ್ಲಿ ಎರಡು" ಅಂದರು. ಪಾಸ್‌ಪೋರ್ಟಿನಲ್ಲಿ ಇದ್ದದ್ದೇ ಹಾಕಿದೆವು. ಎರಡನೇ ಡೋಸಿನ ದಿನ ಅಡ್ಮಿಷನ್ ಲೆಟರ್, ವೀಸಾ, ಆದೇಶದ ಪ್ರಿಂಟು ಮೂರನ್ನೂ ಒಟ್ಟಿಗೆ ಕೊಟ್ಟೆ. ಕಂಪ್ಯೂಟರ್ ಮುಂದೆ ಇದ್ದ ಹುಡುಗಿ ಆದೇಶ ಪೂರ್ತಿ ಓದಿ, "ನಿಮ್ಮ ತರಹ ಪ್ರಿಂಟ್ ತಂದರೆ ನಮಗೂ ಸುಲಭ" ಅಂದಳು. ಕಚೇರಿಗೆ ಹೋಗುವಾಗ ಆದೇಶದ ಪ್ರತಿ ನಮ್ಮ ಹತ್ತಿರವೇ ಇರಬೇಕು. ಇದು ಕೋವಿಡ್ ಇಲ್ಲದಾಗಲೂ ನಡೆಯುತ್ತೆ.

ನನ್ನ ಶುಕ್ರವಾರದ ಶಿಸ್ತನ್ನೆಲ್ಲ ನಗೆಪಾಟಲು ಮಾಡಿ ಒಳ್ಳೆ ಸುದ್ದಿ ಬಂದದ್ದು ಸೋಮವಾರ, ಜುಲೈ 5ಕ್ಕೆ. ಏಳನೇ ತಾರೀಖಿನಿಂದ ಭಾರತ ಒಂದು ಮೆಟ್ಟಿಲು ಕೆಳಗಿನ ಪಟ್ಟಿಗೆ. ಎರಡೂ ಡೋಸ್ ಆಗಿ ಎರಡು ವಾರ ಕಳೆದಿದ್ದರೆ ಕ್ವಾರಂಟೈನೂ ಬೇಡ. ಕೋವಿಶೀಲ್ಡನ್ನು ಅವರು ಆಗಲೇ ಒಪ್ಪಿದ್ದರು. ಅವತ್ತೇ ಟಿಕೆಟ್ ತಗೋ ಅಂತ ಎಲ್ಲರೂ ಅಂದರು. ನಾನು ಆ ಎರಡು ವಾರ ಮುಗಿಯೋವರೆಗೂ ತಗೊಳ್ಳಲಿಲ್ಲ. ಆಮೇಲೆ ಏರ್ ಬಬಲ್ ವಿಮಾನದಲ್ಲಿ (ಎರಡು ದೇಶಗಳ ಒಪ್ಪಂದದ ಮೇಲೆ ಆಗ ಓಡುತ್ತಿದ್ದ ವಿಮಾನ), ದಿನ ಬದಲಾಯಿಸಿದರೆ ದಂಡ ಇಲ್ಲದ ಟಿಕೆಟ್ಟೇ ನೋಡಿ, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಬುಕ್ ಮಾಡಿದೆ. ಸ್ವಲ್ಪ ಜಾಸ್ತಿಯೇ ಆಯಿತು.

ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 20ಕ್ಕಿತ್ತು, ಅದು ಮುಗಿಸಿಕೊಂಡೇ ಹೋಗು ಅಂದರು ಅಮ್ಮ. ಹಬ್ಬದ ಮಾರನೇ ದಿನ ಸಾರಿನ ಪುಡಿ, ಹುಳಿ ಪುಡಿಗೆ ಹುರಿದುಕೊಂಡು ಮಿಲ್ಲಿಗೆ ಹೋದೆವು. ಅದೂ ಪಟ್ಟಿಯ ಪ್ರಕಾರವೇ, ಪುಡಿಗೂ ಅವಧಿ ಇದೆಯಲ್ಲ. ಮಂಡ್ಯದ ಚಿಕ್ಕಮ್ಮ ಹೊಸ ಕುಕ್ಕರ್ ತಂದರು. ಈ ಸಲ ಎರಡು ಲೀಟರಿನದು, ತೂಕ ಕಮ್ಮಿ ಅಂತ.