ಕಿಸುಮುವಿನ ಗೆಳೆಯ ಉಪ್ಸಾಲಾಕ್ಕೆ ಬಂದದ್ದು

ಮೈಸೂರಿನ ಹಾಸ್ಟೆಲ್ಲಿನಲ್ಲಿ ಎರಡು ವರ್ಷ ನನ್ನ ರೂಮ್‌ಮೇಟ್ ಆಗಿದ್ದವನು ಕೀನ್ಯಾದವನು. ಈಗ ಕಿಸುಮುವಿನಲ್ಲಿ ಹೈಸ್ಕೂಲ್ ಮೇಷ್ಟ್ರು. ನಾನಿರುವುದು ಸ್ವೀಡನ್ನಿನ ಉಪ್ಸಾಲಾದಲ್ಲಿ. 2024ರಲ್ಲಿ ಅವನನ್ನು ಕರೆಸಿಕೊಳ್ಳಲು ಹೊರಟೆ. ಮೊದಲ ಅರ್ಜಿ ತಿರಸ್ಕಾರವಾಯಿತು, ಅದಕ್ಕೆ ಕಾರಣ ನಾನೇ.

ಆಫ್ರಿಕಾದಲ್ಲಿ ಮಾರಿಷಸ್, ಸೇಶೆಲ್ಸ್ ಬಿಟ್ಟರೆ ಉಳಿದವರಿಗೆಲ್ಲ ಷೆಂಗೆನ್ ವೀಸಾ (ಸ್ವೀಡನ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಬೇಕು. ಶುಲ್ಕ 90 ಯೂರೋ. ವೀಸಾ ಸಿಗದಿದ್ದರೆ ಅದು ವಾಪಸ್ ಬರುವುದಿಲ್ಲ. ಖರ್ಚಿಗೆ ದಿನಕ್ಕೆ 450 ಕ್ರೋನರ್ (ಸ್ವೀಡನ್ನಿನ ಹಣ) ಇದೆಯೆಂದು ತೋರಿಸಬೇಕು. ಮೇಷ್ಟರ ಖಾತೆಯಲ್ಲಿ ಅಷ್ಟು ಕಾಣುವುದಿಲ್ಲವೆಂದು, ಅರ್ಜಿಗೆ ಹತ್ತು ದಿನ ಮುಂಚೆ ದೊಡ್ಡ ಮೊತ್ತ ಕಳಿಸಿಬಿಟ್ಟೆ. ಸಣ್ಣ ಸಣ್ಣ ಮೊತ್ತಗಳ ಸ್ಟೇಟ್‌ಮೆಂಟಿನಲ್ಲಿ ಆ ಒಂದು ಸಾಲು ಕಣ್ಣಿಗೆ ಹೊಡೆಯುತ್ತಿತ್ತು. ಬಂದವನು ಎಲ್ಲ ನೋಡಲಿ ಎಂದು ಪ್ಯಾರಿಸ್, ರೋಮ್ ಕೂಡ ಸೇರಿಸಿದ್ದೆ. ಅವನು ಊರಿಗೆ ಮರಳುತ್ತಾನೆಂಬ ಬಗ್ಗೆ ಸಂಶಯವಿದೆ ಎಂದು ಉತ್ತರ ಬಂತು.

"ದುಡ್ಡು ತೋರಿಸಿದ್ರೂ ಬೇಡ ಅಂದ್ರಲ್ಲೋ ಮಗಾ" ಅಂದ. ಬೆರಳಚ್ಚು ಕೊಡಲು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ನೈರೋಬಿಗೆ ಹೋಗಿ ಬಂದಿದ್ದವನು. ನನಗೆ ಎರಡು ದಿನ ಊಟ ಸೇರಲಿಲ್ಲ.

ಎರಡನೇ ಸಲ ಹಣದ ಯೋಚನೆ ಬಿಟ್ಟು, ಅವನು ಯಾಕೆ ವಾಪಸ್ ಹೋಗಲೇಬೇಕು ಎಂಬುದನ್ನೇ ಹಿಡಿದೆವು. ಆಗಸ್ಟಿನ ರಜೆ ಚಿಕ್ಕದು; ಕೀನ್ಯಾದ ಶಾಲೆಗಳಿಗೆ ದೊಡ್ಡ ರಜೆ ವರ್ಷದ ಕೊನೆಗೆ. ಹಾಗಾಗಿ ಡಿಸೆಂಬರಿನಲ್ಲಿ ಮೂರು ವಾರ, ಸ್ವೀಡನ್ ಒಂದೇ. ಹೆಡ್‌ಮಾಸ್ಟರು ಕೊಟ್ಟ ಪತ್ರದಲ್ಲಿ ಜನವರಿಯಲ್ಲಿ ಅವನು ಯಾವ ದಿನ ಪಾಠಕ್ಕೆ ಹಾಜರಾಗಬೇಕೆಂದು ಸ್ಪಷ್ಟವಾಗಿತ್ತು. ಇಡೀ ಕಡತದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಆ ಹಾಳೆ. ಹೆಂಡತಿ ಮಕ್ಕಳ ದಾಖಲೆ, ಜಮೀನಿನ ಪತ್ರ, ಸಂಬಳದ ಚೀಟಿಗಳು ಇದ್ದ ಹಾಗೇ ಹೋದವು. ಊಟ ವಸತಿ ನನ್ನ ಮನೆಯಲ್ಲಿ, ಖರ್ಚು ನನ್ನದು ಎಂದು ವಲಸೆ ಇಲಾಖೆಯ ಆಹ್ವಾನದ ನಮೂನೆಯಲ್ಲಿ ಬರೆದು, ನನ್ನ ಸಂಬಳದ ಚೀಟಿ ಮತ್ತು ತೆರಿಗೆ ಇಲಾಖೆಯಿಂದ ಪಡೆದ ಪರ್ಸೂನ್‌ಬೆವಿಸ್ (ನಾನು ಇಲ್ಲಿನ ನಿವಾಸಿ ಎಂಬುದಕ್ಕೆ ಪತ್ರ) ಲಗತ್ತಿಸಿದೆ. ಹಿಂದಿನ ತಿರಸ್ಕಾರವನ್ನೂ, ಆ ಮೊತ್ತ ಎಲ್ಲಿಂದ ಬಂತೆಂಬುದನ್ನೂ ಮುಚ್ಚಿಡದೆ ಬರೆದೆವು. ವಿಮೆ 30,000 ಯೂರೋಗೆ ಕಡಿಮೆ ಇರಬಾರದು, ಇಡೀ ಷೆಂಗೆನ್ನಿಗೆ ಅನ್ವಯಿಸಬೇಕು.

ಪ್ರಯಾಣದ ದಿನಕ್ಕೆ ಆರು ತಿಂಗಳು ಮುಂಚಿನಿಂದಲೇ ಅರ್ಜಿ ಹಾಕಬಹುದು. 15 ದಿನದಲ್ಲಿ ತೀರ್ಮಾನವೆಂದರೂ ಅದು 45 ದಿನದವರೆಗೆ ಎಳೆಯಬಹುದು. ನಾವು ಅಕ್ಟೋಬರ್ ಮೊದಲ ವಾರದಲ್ಲೇ ಹಾಕಿದೆವು. ನವೆಂಬರಿನಲ್ಲಿ ವೀಸಾ ಬಂತು.

ಆಮ್‌ಸ್ಟರ್‌ಡ್ಯಾಮ್ ಮೇಲೆ ಬಂದರೆ ಷೆಂಗೆನ್ನಿನ ತಪಾಸಣೆ ನಡೆಯುವುದು ಅಲ್ಲೇ. ಆಹ್ವಾನ, ವಿಮೆ, ವಾಪಸ್ ಟಿಕೆಟ್ ಕೈಚೀಲದಲ್ಲೇ ಇರಲಿ ಎಂದು ಮೂರು ಸಲ ಹೇಳಿದ್ದೆ, ಮೂರನ್ನೂ ಕೇಳಿದರಂತೆ. ಇಥಿಯೋಪಿಯಾ, ಘಾನಾ, ನೈಜೀರಿಯಾದವರು ಇನ್ನೊಂದು ವಿಷಯ ಗಮನಿಸಬೇಕು: ಅವರಿಗೆ ಷೆಂಗೆನ್ ನಿಲ್ದಾಣದಲ್ಲಿ ವಿಮಾನ ಬದಲಿಸಿ ಬೇರೆ ಕಡೆ ಹೋಗಲೂ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು.

ಸ್ಟಾಕ್‌ಹೋಮಿನ ಆರ್ಲಾಂಡಾ ವಿಮಾನ ನಿಲ್ದಾಣಕ್ಕೆ ದಪ್ಪ ಜಾಕೆಟ್ಟು, ಟೋಪಿ, ಕೈಗವಸು ಹಿಡಿದು ಹೋಗಿದ್ದೆ. ಮೂರು ಗಂಟೆಗೇ ಹೊರಗೆ ಕತ್ತಲಾಗಿತ್ತು. ಬಾಗಿಲು ದಾಟಿ ಬಂದವನು ಜಾಕೆಟ್ಟು ಹಾಕಿಕೊಳ್ಳದೆ ಮೊದಲು ನನ್ನನ್ನು ತಬ್ಬಿಕೊಂಡ.