ಸಿನಿಮಾದ ಹಿಂದೆ ಯಾರ ದುಡ್ಡು, ಯಾರ ಒತ್ತಡ? ಪತ್ತೆ ಹಚ್ಚುವ ಬಗೆ

ಹಾಲಿವುಡ್ ಚಿತ್ರದಲ್ಲಿ ಒಂದು ಬಾವುಟವೋ ಭೂಪಟವೋ ಬದಲಾದರೆ ಸಾಕು, ‘ಚೀನಾ ದುಡ್ಡಿನ ಕೈವಾಡ’ ಎಂಬ ಮಾತು ಹುಟ್ಟುತ್ತದೆ. ಆ ಮಾತು ಎಷ್ಟೋ ಸಲ ನಿಜ, ಕೆಲವು ಸಲ ಬರೀ ಊಹೆ. ಹಣ ಹಾಕಿದ್ದಕ್ಕೆ ಬೇರೆ ಪುರಾವೆ ಬೇಕು, ಒತ್ತಡ ತಂದಿದ್ದಕ್ಕೆ ಬೇರೆ ಪುರಾವೆ ಬೇಕು. ಎರಡನ್ನೂ ಪ್ರತ್ಯೇಕವಾಗಿ ಹುಡುಕಿ, ಆಮೇಲೆ ತಾರೀಖು ಹಿಡಿದು ಜೋಡಿಸಿ.

ಮೊದಲು ಚಿತ್ರದ ಆರಂಭದಲ್ಲಿ ಬರುವ ಲೋಗೋಗಳನ್ನು ಒಂದೊಂದಾಗಿ ನಿಲ್ಲಿಸಿ ಬರೆದುಕೊಳ್ಳಿ. ‘ಅರ್ಪಿಸುವ’, ‘ಸಹಯೋಗದಲ್ಲಿ’ ಎಂಬ ಸಾಲುಗಳಲ್ಲಿ ಸಾಮಾನ್ಯವಾಗಿ ಹಣ ಹಾಕಿದವರ ಹೆಸರಿರುತ್ತದೆ. ಆದರೆ ಬರೀ ಹಂಚಿಕೆದಾರರ ಲೋಗೋ ಕಂಡು ಹೂಡಿಕೆ ಎಂದುಕೊಳ್ಳಬೇಡಿ. ಹಸಿರು ಹಿನ್ನೆಲೆಯಲ್ಲಿ ಚಿನ್ನದ ಬಣ್ಣದ ಡ್ರ್ಯಾಗನ್ ಕಂಡರೆ ಅದು ಚೀನಾದ ಪ್ರದರ್ಶನ ಪರವಾನಗಿ, ಬಂಡವಾಳದ ಗುರುತಲ್ಲ. ಅಲ್ಲಿ 2018ರಿಂದ ಸಿನಿಮಾದ ಉಸ್ತುವಾರಿ ನೇರವಾಗಿ ಕಮ್ಯುನಿಸ್ಟ್ ಪಕ್ಷದ ಪ್ರಚಾರ ವಿಭಾಗದ್ದು.

ಮುಂದಿನದು ಕಂಪನಿಯ ಒಡೆತನ. ಅಮೆರಿಕದ ಷೇರುಪೇಟೆಯಲ್ಲಿರುವ ಕಂಪನಿಯಾದರೆ ಅಲ್ಲಿನ ಷೇರುಪೇಟೆ ನಿಯಂತ್ರಕರ ‘ಎಡ್ಗರ್’ ತಾಣದಲ್ಲಿ ಟೆನ್-ಕೆ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಷೇರಿನ ಪಾಲಿಗಿಂತ ಮತದ ಪಾಲನ್ನು ನೋಡಿ. ಚೀನಾದ ಡಾಲಿಯನ್ ವಾಂಡಾ 2012ರಲ್ಲಿ 260 ಕೋಟಿ ಡಾಲರಿನ ವ್ಯವಹಾರದಲ್ಲಿ ಅಮೆರಿಕದ ಎಎಂಸಿ ಚಿತ್ರಮಂದಿರ ಸರಪಳಿಯನ್ನು ಕೊಂಡಿತು. ಮುಂದೆ ಎಎಂಸಿ ಷೇರುಪೇಟೆಗೆ ಬಂದಾಗ ವಾಂಡಾ ಬಳಿಯಿದ್ದ ‘ಬಿ’ ದರ್ಜೆಯ ಷೇರಿಗೆ ತಲಾ ಮೂರು ಮತ. ಪಾಲು ಕರಗಿದರೂ ಹಿಡಿತ ಉಳಿಯುವುದು ಹೀಗೆ. ಇಲ್ಲಿ ಪದೇ ಪದೇ ಆಗುವ ಎಡವಟ್ಟು ತಾರೀಖಿನದು: 2021ರಲ್ಲಿ ವಾಂಡಾ ಆ ಷೇರುಗಳನ್ನು ಬಹುತೇಕ ಮಾರಿತು, ಅದಾದ ಮೇಲೂ ಎಎಂಸಿಯನ್ನು ಚೀನಾದ ಕಂಪನಿ ಎಂದು ಬರೆಯುವವರಿದ್ದಾರೆ. ಚಿತ್ರೀಕರಣ, ಟ್ರೈಲರ್, ಬಿಡುಗಡೆ, ಈ ಮೂರೂ ದಿನಗಳಲ್ಲಿ ಒಡೆಯ ಯಾರಿದ್ದ ಎಂದು ಬೇರೆ ಬೇರೆಯಾಗಿ ಬರೆದಿಡಿ.

ಭಾರತದ ನಿರ್ಮಾಣ ಕಂಪನಿಯಾದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣಕ್ಕೆ ಹೋಗಿ. 21 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆಯ ನಡುವೆ ‘ಕೆಎ’ ಇದ್ದರೆ ಕರ್ನಾಟಕದಲ್ಲಿ ನೋಂದಾಯಿತ, ಮುಂದೆ ಇಸವಿ, ಅದರಾಚೆ ‘ಎಫ್‌ಟಿಸಿ’ ಇದ್ದರೆ ವಿದೇಶಿ ಕಂಪನಿಯ ಅಂಗಸಂಸ್ಥೆ. ‘ಪಿಟಿಸಿ’ (ಸಾಮಾನ್ಯ ಖಾಸಗಿ ಕಂಪನಿ) ಎಂದಿದ್ದರೆ ವಿದೇಶಿ ಹಣವೇ ಇಲ್ಲ ಎಂದಲ್ಲ. ಶುಲ್ಕ ಕಟ್ಟಿ ವಾರ್ಷಿಕ ವಿವರಪಟ್ಟಿ ಎಂಜಿಟಿ-7 ತೆಗೆದು ಷೇರುದಾರರ ಪಟ್ಟಿ ನೋಡಿ. ಫೈನಾನ್ಸಿಯರ್ ಕೊಟ್ಟ ಸಾಲ, ಹಕ್ಕು ಮಾರಿ ಪಡೆದ ಮುಂಗಡ ಆ ಪಟ್ಟಿಯಲ್ಲಿ ಬರುವುದಿಲ್ಲ. ಗಾಂಧಿನಗರದ ಬಹಳಷ್ಟು ಬ್ಯಾನರುಗಳಂತೆ ಸ್ವಂತ ಹೆಸರಿನ ಮಾಲೀಕತ್ವದ ಸಂಸ್ಥೆಯಾದರೆ ಈ ದಾರಿಯೇ ಮುಚ್ಚಿದಂತೆ.

ಈಗ ಬದಲಾವಣೆಯ ಲೆಕ್ಕ. ಟ್ರೈಲರ್, ಚಿತ್ರಮಂದಿರದ ಪ್ರತಿ, ಆಯಾ ದೇಶದ ಪ್ರತಿ, ಒಟಿಟಿ ಪ್ರತಿ, ನಾಲ್ಕನ್ನೂ ಅವಧಿ ಸಮೇತ ಹೋಲಿಸಿ. ಒಂದು ದೇಶದ ಪ್ರತಿಯಲ್ಲಷ್ಟೇ ಕತ್ತರಿ ಬಿದ್ದಿದ್ದರೆ ಅದು ಆ ದೇಶದ ಸೆನ್ಸಾರ್ ವಿಚಾರ. ಜಗತ್ತಿನ ಎಲ್ಲ ಪ್ರತಿಗಳಲ್ಲೂ ಬದಲಾಗಿದ್ದರೆ ಅದೇ ಗಂಭೀರ, ಅಲ್ಲಿ ಪರದೇಶದ ಇಷ್ಟಾನಿಷ್ಟ ನಮ್ಮೂರ ಪ್ರೇಕ್ಷಕನನ್ನೂ ಮುಟ್ಟಿದೆ.

‘ಟಾಪ್ ಗನ್: ಮ್ಯಾವರಿಕ್’ ಈ ಅಭ್ಯಾಸಕ್ಕೆ ಒಳ್ಳೆಯ ಪಾಠ. 1986ರ ಚಿತ್ರದಲ್ಲಿ ನಾಯಕನ ಚರ್ಮದ ಜಾಕೆಟ್ಟಿನ ಬೆನ್ನ ಮೇಲೆ ಜಪಾನ್ ಮತ್ತು ತೈವಾನ್ ಬಾವುಟಗಳಿದ್ದವು. 2019ರ ಜುಲೈ ಟ್ರೈಲರಿನಲ್ಲಿ ಅವುಗಳ ಜಾಗದಲ್ಲಿ ಬೇರೆ ಚಿಹ್ನೆಗಳು; ಆಗ ಚೀನಾದ ತಂತ್ರಜ್ಞಾನ ಕಂಪನಿ ಟೆನ್ಸೆಂಟ್ ಚಿತ್ರದ ಪಾಲುದಾರ. 2022ರಲ್ಲಿ ತೆರೆಕಂಡ ಚಿತ್ರದಲ್ಲಿ ಬಾವುಟಗಳು ವಾಪಸು, ಟೆನ್ಸೆಂಟ್ ಹೆಸರು ನಾಪತ್ತೆ. ಅಮೆರಿಕದ ಸೇನೆಯನ್ನು ಮೆರೆಸುವ ಚಿತ್ರದಿಂದ ಕಮ್ಯುನಿಸ್ಟ್ ಪಕ್ಷದ ಅಧಿಕಾರಿಗಳು ಮುನಿದಾರೆಂಬ ಅಳುಕಿನಲ್ಲಿ ಟೆನ್ಸೆಂಟ್ ಹಿಂದೆ ಸರಿಯಿತೆಂದು ವಾಲ್ ಸ್ಟ್ರೀಟ್ ಜರ್ನಲ್ ವರದಿ ಮಾಡಿತು. ತಾರೀಖುಗಳು ಚೆನ್ನಾಗಿಯೇ ಹೊಂದುತ್ತವೆ. ಹಾಗಿದ್ದರೂ ‘ಟೆನ್ಸೆಂಟ್ ತೆಗೆಸಿತು’ ಎಂದು ಬರೆಯಲು ಪತ್ರವೋ ಹೇಳಿಕೆಯೋ ಕೈಯಲ್ಲಿರಬೇಕು. ‘ಟೆನ್ಸೆಂಟ್ ಪಾಲುದಾರನಾಗಿದ್ದಾಗ ಬದಲಾಗಿತ್ತು’ ಎನ್ನುವುದಕ್ಕೆ ಅಡ್ಡಿಯಿಲ್ಲ.

ಇದಕ್ಕೆ ಎದುರಾಗಿ 2012ರ ‘ರೆಡ್ ಡಾನ್’ ಇಟ್ಟು ನೋಡಿ. ಚೀನಾದ ದಾಳಿಕೋರರೆಂದು ಚಿತ್ರೀಕರಿಸಿದ್ದನ್ನು ಆಮೇಲೆ ಕಂಪ್ಯೂಟರಿನಲ್ಲಿ ಉತ್ತರ ಕೊರಿಯಾದವರನ್ನಾಗಿ ತಿದ್ದಲಾಯಿತು. ಅದರ ಹಿಂದೆ ಇದ್ದದ್ದು ಚೀನಾದ ಬಂಡವಾಳವಲ್ಲ, ಅಲ್ಲಿನ ಮಾರುಕಟ್ಟೆ ಕೈತಪ್ಪುವ ಭಯ. ಅದೇ ವರ್ಷದ ಫೆಬ್ರುವರಿಯಲ್ಲಿ ಅಮೆರಿಕ-ಚೀನಾ ನಡುವೆ ಆದ ಒಪ್ಪಂದ, ಚೀನಾದಲ್ಲಿ ಗಳಿಕೆ ಹಂಚಿಕೆಯ ಮೇಲೆ ಬಿಡುಗಡೆಯಾಗುವ ವಿದೇಶಿ ಚಿತ್ರಗಳ ವಾರ್ಷಿಕ ಮಿತಿಯನ್ನು 20ರಿಂದ 34ಕ್ಕೆ, ಸ್ಟುಡಿಯೊ ಪಾಲನ್ನು ಶೇ 25ಕ್ಕೆ ಏರಿಸಿತ್ತು. ಆ 34ರೊಳಗೆ ಜಾಗ ಬೇಕೆನ್ನುವವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಒಡೆತನದ ಕಡತ ಹುಡುಕಿ ಏನೂ ಸಿಗಲಿಲ್ಲವೆಂದು ಒತ್ತಡವೇ ಇರಲಿಲ್ಲ ಎಂದುಕೊಂಡರೆ ಕೆಡುವುದು ಇಲ್ಲೇ.

ಕೊನೆಯ ಟೈಟಲ್ಲುಗಳನ್ನೂ ಬಿಡಬೇಡಿ. ಅಮೆರಿಕದ ರಕ್ಷಣಾ ಇಲಾಖೆಗೆ ಕೃತಜ್ಞತೆ ಸಲ್ಲಿಸಿದ್ದರೆ ವಿಮಾನ, ಹಡಗು, ನೆಲೆಗಳನ್ನು ಬಳಸಲು ಕೊಟ್ಟಿದ್ದಕ್ಕೆ ಪ್ರತಿಯಾಗಿ ಚಿತ್ರಕಥೆ ಆ ಇಲಾಖೆಯ ಮೇಜು ಹಾದು ಬಂದಿದೆ ಎಂದರ್ಥ. ‘ಮ್ಯಾವರಿಕ್’ ಕೂಡ ಅಂಥದ್ದೇ. ಬೀಜಿಂಗ್ ಒತ್ತಡವನ್ನಷ್ಟೇ ಎಣಿಸಿ ಇದನ್ನು ಬಿಟ್ಟ ವರದಿ ಅರ್ಧ ವರದಿ.

ನಮ್ಮಲ್ಲಿ ಬಿಡುಗಡೆಯಾದ ಪ್ರತಿಗೆ ಸೆನ್ಸಾರ್ ಪ್ರಮಾಣಪತ್ರದ ಎರಡನೇ ಭಾಗ ನೋಡಿ, ಮಂಡಳಿ ಹೇಳಿದ ಕಡಿತಗಳು ಅಲ್ಲಿರುತ್ತವೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 5-ಬಿ ಕಲಮಿನಲ್ಲಿ ‘ವಿದೇಶಗಳೊಂದಿಗಿನ ಸ್ನೇಹ ಸಂಬಂಧ’ವೂ ಚಿತ್ರವನ್ನು ತಡೆಯಲು ಒಂದು ಕಾರಣ, ಹಾಗಾಗಿ ಪರದೇಶದ ಹೆಸರೋ ಬಾವುಟವೋ ಮಸುಕಾಗಿದ್ದರೆ ಮೊದಲು ಈ ಪಟ್ಟಿ ತೆರೆಯಿರಿ. ಅಲ್ಲಿ ಇಲ್ಲದ ಕಡಿತವನ್ನು ಮಂಡಳಿಗೆ ಅರ್ಜಿ ಹೋಗುವ ಮೊದಲೇ ಯಾರೋ ಮಾಡಿರಬಹುದು. ಆಗ ಕೇಳಬೇಕಾದ್ದು ನಿರ್ಮಾಪಕರನ್ನು.